ಮೆತ್ತನೆಯ ಅನ್ನ ಉಂಡ ಆಮೆ



ಯಾದಗಿರಿ ಹತ್ತಿರದ ಮುದನಾಳದಲ್ಲಿ ನಾನು ಆಗಾಗ ಹೋಗಿಬರುವ ಒಂದು ಮನೆ ಇದೆ. ಮಗ, ಸೊಸೆ, ದೊಡ್ಡ ಮೊಮ್ಮಗ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡ ಕೆಲಸದಲ್ಲಿದ್ದಾರೆ. ಮನೆಯಲ್ಲಿ ಉಳಿದವರು ಆಯಿ ಮತ್ತು ಶಾಲೆಗೆ ಹೋಗುವ ಮೊಮ್ಮಗಳು. ಹೋದಾಗಲೆಲ್ಲ ಆಯಿ ಬೇಡವೆಂದರೂ ಬಿಡದೆ ಚಹಾ ಮಾಡಿಕೊಡುತ್ತಾರೆ. ಆ ಮನೆಯ ಮೂಲೆಯಲ್ಲಿ ಒಂದು ಬುಟ್ಟಿ ಬೋರಲು ಬಿದ್ದಿರುತ್ತಿತ್ತು, ಮೇಲೆ ಒಂದು ಕಲ್ಲು. ಕೋಳಿ ಇರಬೇಕು ಎಂದುಕೊಂಡಿದ್ದೆ.

ಒಂದು ದಿನ ಮೊಮ್ಮಗಳು ಕಲ್ಲು ಸರಿಸಿ ಬುಟ್ಟಿ ಎತ್ತಿದಳು. ಒಳಗಿದ್ದದ್ದು ನಕ್ಷತ್ರ ಆಮೆ. ಗೇಣುದ್ದದ ಕಪ್ಪು ಚಿಪ್ಪು, ಅದರ ಮೇಲೆ ಹಳದಿ ಗೆರೆಗಳ ಚುಕ್ಕಿಗಳು. ನೋಡಲು ಚೆಂದವೇ. ಆದರೆ ಅದರ ಮೇಲಿನ ಕೊಕ್ಕು ಗಿಣಿಯ ಕೊಕ್ಕಿನಂತೆ ಬಾಗಿ ಕೆಳದವಡೆಯನ್ನು ದಾಟಿ ಗದ್ದದವರೆಗೆ ಇಳಿದಿತ್ತು. ಎದುರಿಗಿದ್ದ ಬಟ್ಟಲಿಗೆ ತಲೆ ಚಾಚಿತು, ಬಾಯಿ ತೆರೆಯಿತು, ಕೊಕ್ಕಿನ ತುದಿ ಅನ್ನವನ್ನು ದೂರ ತಳ್ಳಿತು. ಮತ್ತೆ ಚಾಚಿತು, ಮತ್ತೆ ತಳ್ಳಿತು.

“ದಿನಾ ಹಾಲನ್ನ ಕಲಸಿ ಇಡ್ತೀನ್ರಿ ಫಾದರ್,” ಎಂದರು ಆಯಿ. “ಕೂಸಿಗಿ ಹಾಲಿಲ್ಲ ಅಂದ್ರೂ ಅದಕ್ಕ ಇಟ್ಟೀನಿ. ಈಗ ಉಣ್ಣವಲ್ದು.”

ಎರಡು ವರ್ಷಗಳ ಹಿಂದೆ ದೊಡ್ಡ ಮೊಮ್ಮಗ ಯಾರಿಂದಲೋ ತಂದಿದ್ದನಂತೆ. ಮನೆಯಲ್ಲಿ ಆಮೆ ಇದ್ದರೆ ರೊಕ್ಕ ನಿಲ್ಲುತ್ತದೆ ಎಂದು ಯಾರೋ ಹೇಳಿದ್ದರು. ಆಮೆ ಹೊಕ್ಕ ಮನೆ ಹಾಳು ಎನ್ನುವವರೂ ನಮ್ಮಲ್ಲೇ ಇದ್ದಾರೆ. ಎರಡು ಮಾತಿನ ಭಾರವನ್ನೂ ಹೊರುವುದು ಆಮೆಯೇ. ಈ ಮನೆಯಲ್ಲಿ ರೊಕ್ಕವೂ ನಿಲ್ಲಲಿಲ್ಲ, ಮನೆಮಂದಿಯೂ ನಿಲ್ಲಲಿಲ್ಲ.

ಆಮೆಗೆ ಹಲ್ಲಿಲ್ಲ. ಹಲ್ಲಿನ ಕೆಲಸವನ್ನು ಕೊಕ್ಕು ಮಾಡುತ್ತದೆ. ಅದು ನಮ್ಮ ಉಗುರಿನ ಜಾತಿಯ ವಸ್ತು, ಬದುಕಿರುವಷ್ಟು ಕಾಲ ಬೆಳೆಯುತ್ತದೆ. ಬಯಲಿನಲ್ಲಿ ಅದು ಒರಟು ಹುಲ್ಲು ಕಚ್ಚಿ ಹರಿಯುತ್ತದೆ, ಹುಲ್ಲಿನ ಜೊತೆ ಮಣ್ಣು, ಹರಳು ತಾಗುತ್ತವೆ. ಬೆಳೆದಷ್ಟೂ ಸವೆಯುತ್ತದೆ. ಮೆತ್ತನೆಯ ಅನ್ನ, ನೆನೆಸಿದ ರೊಟ್ಟಿ ಹಾಕಿದರೆ ಸವೆಸುವುದು ಯಾವುದು? ಅದರ ಮೇಲೆ ಬಿಸಿಲಿಲ್ಲ, ಸುಣ್ಣದ ಅಂಶವಿಲ್ಲ. ಮೂಳೆ ಬಲ ಕಳೆದುಕೊಂಡು ದವಡೆಯೇ ಓರೆಯಾಗುತ್ತದೆ, ಚಿಪ್ಪು ಮೆತ್ತಗಾಗುತ್ತದೆ. ಹಾಲು ಅದರ ಆಹಾರವೇ ಅಲ್ಲ. ಆಯಿ ತಮ್ಮ ಬಾಯಿಂದ ಉಳಿಸಿ ಕೊಟ್ಟದ್ದೇ ಅದರ ಬಾಯಿ ಕಟ್ಟಿತ್ತು.

ಈ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂದ ಮೇಲೆ ಇದು ಹುಲಿ, ಆನೆಗಳ ಸಾಲಿನಲ್ಲಿ ಮೊದಲನೆಯ ಅನುಸೂಚಿಯಲ್ಲಿದೆ. 2019ರಲ್ಲಿ ಜಿನೀವಾದಲ್ಲಿ ಕೂಡಿದ ರಾಷ್ಟ್ರಗಳು ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ತಡೆ ಹಾಕಿವೆ. ಕಳ್ಳಸಾಗಣೆ ಎಷ್ಟರಮಟ್ಟಿಗೆ ಇದೆಯೆಂದರೆ 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ಮರಳಿ ತರಬೇಕಾಯಿತು. ನಾನು ಆಯಿಗೆ ಹೆದರಿಕೆ ಹುಟ್ಟದಂತೆ ವಿಷಯ ತಿಳಿಸಿ ಅರಣ್ಯ ಇಲಾಖೆಯವರಿಗೆ ಹೇಳಿ ಕಳಿಸಿದೆ. ಬಂದವರು ಗದರಿಸಲಿಲ್ಲ. ಪಶು ಆಸ್ಪತ್ರೆಗೆ ಒಯ್ದಾಗ ನಾನೂ ಜೊತೆಗಿದ್ದೆ.

ವೈದ್ಯರು ಸಣ್ಣ ಅರದಿಂದ ಕೊಕ್ಕಿನ ತುದಿಯನ್ನು ಸ್ವಲ್ಪವೇ ಉಜ್ಜಿ ತೆಗೆದರು. ಪೂರ್ತಿ ಏಕೆ ಬೇಡ ಎಂದು ಕೇಳಿದೆ. ಒಳಗೆ ಜೀವವಿರುವ ಭಾಗವಿದೆ, ಅದೂ ಮುಂದಕ್ಕೆ ಬೆಳೆದಿರುತ್ತದೆ, ಒಮ್ಮೆಗೇ ಕತ್ತರಿಸಿದರೆ ರಕ್ತ ಬರುತ್ತದೆ, ನೋವಾಗುತ್ತದೆ ಎಂದರು. ಕೆಲವು ವಾರ ಬಿಟ್ಟು ಮತ್ತಷ್ಟು. ಅಷ್ಟರಲ್ಲಿ ದಿನಾಲೂ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಬಿಡಬೇಕು, ಬೆಳಗಿನ ಬಿಸಿಲು ಬೇಕು, ಗರಿಕೆ ಹುಲ್ಲು ಬೇಕು, ಕಚ್ಚಲು ಒಂದು ತುಂಡು ಸಮುದ್ರ ನೊರೆ ಇಡಬೇಕು. ಎರಡು ವರ್ಷ ಕೂದಲೆಳೆಯಷ್ಟು ಕೂದಲೆಳೆಯಷ್ಟು ಆಗಿ ಬೆಳೆದದ್ದು ಅರ್ಧ ಗಂಟೆಯಲ್ಲಿ ಸರಿಹೋಗುವುದಿಲ್ಲ.

ಆಸ್ಪತ್ರೆಯ ಹೊರಗೆ ನಮ್ಮ ಪರಿಚಯದವರೊಬ್ಬರು ಸಿಕ್ಕರು. ತಮ್ಮ ಕೂಸಿನ ಔಷಧಿಗೆ ರೊಕ್ಕ ಹೊಂದಿಸಲು ಅಲೆದಾಡುತ್ತಿದ್ದರು. “ಮಂದಿ ಗುಳೆ ಹೋಗ್ಲಿಕತ್ತಾರ, ನೀವು ಆಮೀ ಮೂತಿ ಕೆತ್ತಸ್ಲಿಕತ್ತೀರಿ ಫಾದರ್!” ಎಂದರು. ನಗುತ್ತಲೇ ಅಂದರು, ಆದರೆ ನಗೆಯ ಮಾತಾಗಿರಲಿಲ್ಲ.

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಪ್ರಾಣಿಗಳಿಗೆ ಕಾರಣವಿಲ್ಲದೆ ನೋವು ಕೊಡುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ ಎನ್ನುತ್ತದೆ. ಅದೇ ಉಸಿರಿನಲ್ಲಿ, ಮನುಷ್ಯರ ಕಷ್ಟ ನೀಗಲು ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತಕ್ಕದ್ದಲ್ಲ ಎನ್ನುತ್ತದೆ. ಕಣ ತುಳಿಯುವ ಎತ್ತಿಗೆ ಕುಕ್ಕೆ ಕಟ್ಟಬಾರದೆಂಬ ನಿಯಮ ಧರ್ಮೋಪದೇಶಕಾಂಡದಲ್ಲಿದೆ. ಸಂತ ಪೌಲರು ಅದನ್ನೇ ಎತ್ತಿಕೊಂಡು, ದೇವರಿಗೆ ಎತ್ತುಗಳ ಚಿಂತೆಯೇ ಎಂದು ಕೇಳಿ, ದುಡಿಯುವ ಮನುಷ್ಯರಿಗೆ ಅನ್ವಯಿಸಿದರು. ಸಂತ ಥಾಮಸ್ ಅಕ್ವಿನಾಸರು ಪ್ರಾಣಿಗಳ ಮೇಲಿನ ಕ್ರೌರ್ಯ ಮನುಷ್ಯರ ಮೇಲಿನ ಕ್ರೌರ್ಯಕ್ಕೆ ದಾರಿಯಾಗುವುದರಿಂದ ಅದನ್ನು ಬಿಡಬೇಕೆಂದರು. ಸೆಮಿನರಿಯಲ್ಲಿ ಇದನ್ನು ಓದಿ ಪರೀಕ್ಷೆ ಬರೆದಾಗ ನನಗೆ ತೃಪ್ತಿಯಾಗಿತ್ತು. ಇಂದು ಆ ಉತ್ತರದಲ್ಲಿ ಆಮೆಯೇ ಕಾಣುತ್ತಿಲ್ಲ. ಪ್ರತಿ ಜೀವಿಗೂ ತನ್ನದೇ ಆದ ಬೆಲೆಯಿದೆ ಎಂದು ಪೋಪ್ ಫ್ರಾನ್ಸಿಸರು 2015ರ ವಿಶ್ವಪತ್ರದಲ್ಲಿ ಬರೆದದ್ದು ಈ ಕೊರತೆಯನ್ನು ತುಂಬುತ್ತದೆ.

ಆದರೂ ನನ್ನ ಗೆಳೆಯರ ಮಾತಿಗೆ ಉತ್ತರ ಅಷ್ಟರಲ್ಲಿ ಸಿಗುವುದಿಲ್ಲ. ಗಾಡಿಯಲ್ಲಿ ಒಂದೇ ಸಲ ಹೋಗಿಬರುವಷ್ಟು ಪೆಟ್ರೋಲು ಇದ್ದಿದ್ದರೆ ನಾನು ಕೂಸಿಗಾಗಿಯೇ ಹೋಗುತ್ತಿದ್ದೆ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹೊಲದಲ್ಲಿ ತಿರುಗುವ ಆಮೆಗೂ ಬುಟ್ಟಿಯಡಿಯ ಆಮೆಗೂ ವ್ಯತ್ಯಾಸವಿದೆ. ಹೊಲದ ಆಮೆಗೆ ನಾನು ಸಲ್ಲಿಸಬೇಕಾದದ್ದು ಒಂದೇ, ಅದರ ಪಾಡಿಗೆ ಅದನ್ನು ಬಿಡುವುದು. ಅದರ ಕೊಕ್ಕು ಸವೆಸುವ ಕೆಲಸವನ್ನು ನೆಲವೇ ಮಾಡುತ್ತದೆ. ಆ ನೆಲವನ್ನು ಕಿತ್ತುಕೊಂಡವರು ಮನುಷ್ಯರು. ಕಿತ್ತುಕೊಂಡ ಕ್ಷಣದಿಂದ ನೆಲದ ಕೆಲಸವೆಲ್ಲ ಅವರ ಹೆಗಲಿಗೆ ಬಂತು. ಹುಲ್ಲು, ಬಿಸಿಲು, ಹರಳುಕಲ್ಲು ಕೂಡ. ಇದು ಕರುಣೆಯಲ್ಲ, ಸಾಲ. ಸಾಲವನ್ನು ದಾನದ ಲೆಕ್ಕದಲ್ಲಿ ಬರೆಯಲಾಗದು.

ಹಾಗಾದರೆ ಸಾಲಗಾರರು ಯಾರು? ರೊಕ್ಕ ನಿಲ್ಲಲೆಂದು ತಂದ ಹುಡುಗನೇ? ಅವನು ಬೆಂಗಳೂರಿನಲ್ಲಿ ಇಟ್ಟಿಗೆ ಹೊರುತ್ತಿದ್ದಾನೆ. ಆಯಿಯೇ? ಅವರ ಕಣ್ಣಿಗೆ ಪೊರೆ ಬಂದಿದೆ, ಕೊಕ್ಕಿನ ಉದ್ದ ಅವರಿಗೆ ಕಾಣುತ್ತಲೇ ಇರಲಿಲ್ಲ. ಕ್ರೌರ್ಯವಾದರೆ ಒಂದು ಕೈ, ಒಂದು ಕೋಲು, ಒಂದು ದಿನ ಇರುತ್ತದೆ. ಅಲಕ್ಷ್ಯಕ್ಕೆ ಇಂಥ ದಿನ ಎಂದಿಲ್ಲ. ನಿನ್ನೆಗಿಂತ ಇಂದು ಏನೂ ಹೆಚ್ಚಾಗಿ ಕಾಣುವುದಿಲ್ಲ. ಮಾಡಿದ ಪಾಪಗಳನ್ನು ಎಣಿಸಿ ಹೇಳುವವರು ಪಾಪನಿವೇದನೆಗೆ ಬರುತ್ತಾರೆ, ಮಾಡದೆ ಬಿಟ್ಟದ್ದನ್ನು ಎಣಿಸಿದವರನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ. ಕಣ್ಣು ಸರಿಯಿದ್ದ ನಾನು ಆ ಬುಟ್ಟಿಯ ಪಕ್ಕದಲ್ಲಿ ಕುಳಿತು ಎಷ್ಟು ಸಲ ಚಹಾ ಕುಡಿದೆನೋ!

ಆಮೆ ಈಗ ಇಲಾಖೆಯವರ ವಶದಲ್ಲಿದೆ. ಎರಡನೆಯ ಸಲ ಕೊಕ್ಕು ಉಜ್ಜಿದ ಮೇಲೆ ಗರಿಕೆಯ ಒಂದು ಎಸಳನ್ನು ಕಚ್ಚಿ ಎಳೆದು ಹರಿಯಿತು. ಅದನ್ನು ಹೇಳಲೆಂದು ಮುದನಾಳಕ್ಕೆ ಹೋದೆ. ಆಯಿ ಎಂದಿನಂತೆ ಚಹಾ ತಂದರು. ಬಟ್ಟಲು ತೆಗೆದುಕೊಳ್ಳುವಾಗ ಅವರ ಕೈ ನೋಡಿದೆ. ಉಗುರುಗಳು ಹಳದಿಯಾಗಿ ದಪ್ಪಗೆ ಬೆಳೆದಿದ್ದವು, ಹೆಬ್ಬೆರಳಿನದು ಬಾಗಿ ಮಾಂಸಕ್ಕೆ ನಾಟಿತ್ತು. ಈ ಕೈಯಿಂದಲೇ ಅವರು ಹಾಲನ್ನ ಕಲಸುತ್ತಿದ್ದರು.

“ಇದೇನ್ ಆಯಿ?”

“ಕಣ್ಣು ಕಾಣಲ್ರಿ. ಹುಡುಗಿ ಒಮ್ಮಿ ಬ್ಲೇಡಿಲೆ ತೆಗೀಲಿಕ್ಕಿ ಹೋಗಿ ರಕ್ತ ಬಂತು. ಅಂಜಿ ಬಿಟ್ಟಾಳ.”

ಮೊಮ್ಮಗಳು ಬೆಚ್ಚಗಿನ ನೀರು ತಂದಳು. ಕೈ ನೆನೆಹಾಕಿಸಿ, ಅಂಗಡಿಯಿಂದ ತರಿಸಿದ ಕಟ್ಟರಿನಿಂದ ಸ್ವಲ್ಪ ಸ್ವಲ್ಪವೇ ತೆಗೆದೆವು. ಹೆಬ್ಬೆರಳಿನದನ್ನು ಪೂರ್ತಿ ತೆಗೆಯಲಿಲ್ಲ. ಆಯಿ ಮಧ್ಯೆ ಒಮ್ಮೆ ಆಮೆಗೆ ಈಗ ಯಾರು ಉಣಿಸುತ್ತಾರೆ ಎಂದು ಕೇಳಿದರು. ಹೇಳಿದೆ. ಕೈಯಾದ ಮೇಲೆ ಸಂಕೋಚದಿಂದ ಸೀರೆಯ ಅಂಚು ಸರಿಸಿ, “ಕಾಲಿನವೂ ಹಂಗೇ ಅದಾವ್ರಿ,” ಎಂದರು. ಅವಕ್ಕೆ ಆ ಕಟ್ಟರು ಸಾಲದು. ಕಣ್ಣಿನ ಪೊರೆಯ ವಿಷಯವನ್ನೂ ಆಸ್ಪತ್ರೆಯಲ್ಲಿ ಕೇಳಬೇಕು. ಗುರುವಾರ ಮತ್ತೆ ಹೋಗುವವನಿದ್ದೇನೆ.