ಜೇಬುಗಳ್ಳನ ದೂರು

ಮುಂಬಯಿಯ ಮೇಲೆ ಹಾಡುಗಳಿಗೇನೂ ಬರವಿಲ್ಲ. ಆದರೆ ಇಲ್ಲಿಗೆ ಬಂದು ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ನಮ್ಮಂಥವರ ಬಾಯಿಗೆ ತಾನಾಗಿ ಹತ್ತಿಕೊಳ್ಳುವುದು ಒಂದೇ ಹಾಡು: 1956ರ ‘ಸಿ.ಐ.ಡಿ.’ ಚಿತ್ರದ ‘ಏ ದಿಲ್ ಹೈ ಮುಷ್ಕಿಲ್ ಜೀನಾ ಯಹಾಂ’. ಬರೆದವರು ಮಜರೂಹ್ ಸುಲ್ತಾನ್‌ಪುರಿ, ಸಂಗೀತ ಓ.ಪಿ. ನಯ್ಯರ್ ಅವರದು, ಹಾಡಿದವರು ಮಹಮ್ಮದ್ ರಫಿ ಮತ್ತು ಗೀತಾ ದತ್. 2016ರಲ್ಲಿ ಕರಣ್ ಜೋಹರ್ ಇದರ ಮೊದಲ ನಾಲ್ಕು ಪದಗಳನ್ನು ಎತ್ತಿಕೊಂಡು ತಮ್ಮ ಸಿನಿಮಾಕ್ಕೆ ಹೆಸರಿಟ್ಟರು. ಆ ಸಿನಿಮಾದ ಕಷ್ಟ ಪ್ರೇಮದ್ದು. ಮೂಲದಲ್ಲಿ ಮುಂದೆ ಇನ್ನೆರಡು ಪದಗಳಿವೆ: ಬದುಕುವುದು, ಇಲ್ಲಿ. ಹಾಡಿನ ತಕರಾರೆಲ್ಲ ಇದ್ದದ್ದು ಆ ಎರಡರಲ್ಲೇ.

ಪರದೆಯ ಮೇಲೆ ಇದನ್ನು ಹಾಡುವವನು ಜಾನಿ ವಾಕರ್. ಚಿತ್ರದಲ್ಲಿ ಅವನೊಬ್ಬ ಜೇಬುಗಳ್ಳ. ನಿಜಜೀವನದಲ್ಲಿ ಆತ ಇಂದೋರ್‌ನಿಂದ ಬಂದ ಬದ್ರುದ್ದೀನ್ ಕಾಜಿ. ಸಿನಿಮಾ ಸೇರುವ ಮೊದಲು ಬೆಸ್ಟ್ ಬಸ್ಸಿನ ಕಂಡಕ್ಟರ್ ಆಗಿದ್ದವರು. ಮಜರೂಹ್ ಯುನಾನಿ ವೈದ್ಯ ಕಲಿತು, ಅದನ್ನು ಬಿಟ್ಟು ಕವಿಯಾಗಿ ಬೊಂಬಾಯಿಗೆ ಬಂದವರು. ಸ್ವಾತಂತ್ರ್ಯ ಬಂದ ಹೊಸದರಲ್ಲೇ ನೆಹರೂ ಅವರನ್ನು ಟೀಕಿಸಿ ಪದ್ಯ ಬರೆದು ಜೈಲು ಕಂಡವರು. ಪಲ್ಲವಿಯ ಧಾಟಿಯೂ ವಲಸೆಯದೇ. ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾಕ್ಕೆ ನುಗ್ಗಿದ ಗಣಿಯವರ ಕಾಲವನ್ನು ನೆನೆಯುವ ‘ಕ್ಲೆಮೆಂಟೈನ್’ ಎಂಬ ಅಮೆರಿಕನ್ ಹಾಡಿನಿಂದ ಅದು ಬಂದದ್ದು. ಹೊಟ್ಟೆಪಾಡಿಗೆ ಊರು ಬಿಟ್ಟವರ ಧಾಟಿ ಎರಡು ಸಮುದ್ರ ದಾಟಿ, ಹೊಟ್ಟೆಪಾಡಿಗೆ ಊರು ಬಿಟ್ಟವರ ಬಾಯಿಗೇ ಸೇರಿತು.

ಈ ಊರಿನಲ್ಲಿ ಏನೇನು ಸಿಗುತ್ತದೆ ಎಂದು ಹಾಡು ಒಂದು ಪಟ್ಟಿ ಕೊಡುತ್ತದೆ. ಅದರಲ್ಲಿರುವ ಟ್ರಾಮ್ 1964ರ ಮಾರ್ಚ್ 31ರಂದು ಕೊನೆಯ ಸಲ ಓಡಿತು. ಬಟ್ಟೆ ಮಿಲ್ಲುಗಳು 1982ರ ಮುಷ್ಕರದ ನಂತರ ಸುಧಾರಿಸಿಕೊಳ್ಳಲೇ ಇಲ್ಲ. ಲೋವರ್ ಪರೇಲ್‌ನ ಮಿಲ್ ಜಾಗಗಳಲ್ಲಿ ಈಗ ಗಾಜಿನ ಆಫೀಸುಗಳಿವೆ. ನಮ್ಮಲ್ಲಿ ಹಲವರು ದಿನಾ ಬೆಳಿಗ್ಗೆ ಕೊರಳಪಟ್ಟಿಯ ಕಾರ್ಡು ತೋರಿಸಿ ಒಳಹೋಗುವುದು ಅಲ್ಲಿಗೇ. ಪಟ್ಟಿ ಹಳೆಯದಾಯಿತು. ಹಳೆಯದಾಗದಿರುವುದು ಇನ್ನೊಂದು ಚರಣ. ಮನೆಯಿಲ್ಲದವನನ್ನು ಈ ಊರು ಪೋಲಿ, ಅಲೆಮಾರಿ ಎಂದು ನಗುತ್ತದೆ. ಕಂಡವರ ಕತ್ತು ಕೊಯ್ಯುವವನು ಮಾತ್ರ ತನ್ನ ಕಸುಬನ್ನು ಬಿಸಿನೆಸ್ ಅನ್ನುತ್ತಾನೆ. ಅದರ ಸಾರಾಂಶ ಇಷ್ಟು. ಬಡತನ ಒಂದು ದೂರು, ಬಡತನಕ್ಕೆ ಯಾರು ಏನು ಹೆಸರಿಡುತ್ತಾರೆ ಎಂಬುದು ಇನ್ನೊಂದು ದೂರು. ಈ ಹಾಡಿನದು ಎರಡನೆಯದು.

ಚಿತ್ರ ಬಿಡುಗಡೆಯಾಗಿ ಮೂರೇ ವರ್ಷಕ್ಕೆ ಆ ಚರಣದ ಮೊದಲರ್ಧ ಕಾನೂನೇ ಆಯಿತು. 1959ರ ಬೊಂಬಾಯಿ ಭಿಕ್ಷಾಟನೆ ತಡೆ ಕಾಯ್ದೆಯ ಪ್ರಕಾರ ಕೈಚಾಚಿದವನಷ್ಟೇ ಭಿಕ್ಷುಕನಲ್ಲ. ಜೀವನೋಪಾಯ ಕಣ್ಣಿಗೆ ಕಾಣಿಸದಿದ್ದು, ಬೇಡಿಯೇ ಬದುಕುತ್ತಿರಬೇಕು ಅನ್ನಿಸುವಂತೆ ರಸ್ತೆಯಲ್ಲಿ ಅಲೆದಾಡುವವನೂ ಭಿಕ್ಷುಕನೇ. ಸಿಕ್ಕಿಬಿದ್ದರೆ ಒಂದರಿಂದ ಮೂರು ವರ್ಷ ಬಂಧನ; ಮತ್ತೆ ಮತ್ತೆ ಸಿಕ್ಕಿಬಿದ್ದರೆ ಹತ್ತು ವರ್ಷದವರೆಗೂ ಹೋಗಬಹುದು. ದೆಹಲಿಗೂ ಅನ್ವಯವಾಗಿದ್ದ ಈ ಕಾಯ್ದೆಯ ಮುಖ್ಯ ಕಲಮುಗಳನ್ನು 2018ರಲ್ಲಿ ಅಲ್ಲಿನ ಹೈಕೋರ್ಟು ರದ್ದು ಮಾಡಿತು, ದೆಹಲಿಯ ಮಟ್ಟಿಗೆ. ಇನ್ನೊಂದು ವಿಷಯ ಕೇಳಿ: ಸಾರ್ವಜನಿಕ ಸ್ಥಳದಲ್ಲಿ ಹಾಡಿ ಕಾಸು ಪಡೆಯುವುದನ್ನೂ ಕಾಯ್ದೆ ಭಿಕ್ಷೆ ಎಂದೇ ಎಣಿಸುತ್ತದೆ. ಹಾಡು ಅಲ್ಲಿ ಬರೀ ನೆಪ. ಮಧ್ಯಾಹ್ನದ ಖಾಲಿ ಲೋಕಲ್‌ನಲ್ಲಿ ಕುತ್ತಿಗೆಗೆ ಢೋಲಕಿ ಕಟ್ಟಿಕೊಂಡು ಇದೇ ಮಜರೂಹ್ ಹಾಡನ್ನು ಹಾಡುವವನು ಕಾನೂನಿನ ಕಣ್ಣಲ್ಲಿ ಹಾಡುಗಾರನಲ್ಲ. ಅದೇ ಹಾಡನ್ನು ಹೋಟೆಲ್ಲಿನ ಹವಾನಿಯಂತ್ರಿತ ಹಾಲ್‌ನಲ್ಲಿ ಕಂಪನಿಯ ವಾರ್ಷಿಕೋತ್ಸವಕ್ಕೆ ಹಾಡಿದವನು ಕಲಾವಿದ, ಅವನಿಗೆ ಇನ್‌ವಾಯ್ಸೂ ಇರುತ್ತದೆ. (ಬೆಂಗಳೂರಿನಲ್ಲಿ ಸೈಟು, ಫ್ಲ್ಯಾಟು ಇರುವವರು ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. ನಮ್ಮದೇ 1975ರ ಕಾಯ್ದೆಯ ಹೆಸರಿನಲ್ಲಿ ಶೇ. 3ರಷ್ಟು ಭಿಕ್ಷುಕರ ಕರ ಅಲ್ಲಿರುತ್ತದೆ.)

1981ರಲ್ಲಿ ಮಳೆಗಾಲದ ನಡುವೆಯೇ ಬೊಂಬಾಯಿಯ ಫುಟ್‌ಪಾತ್ ವಾಸಿಗಳನ್ನು ಎತ್ತಿ ಅವರವರ ಊರಿಗೆ ಕಳಿಸಲು ಸರ್ಕಾರ ಹೊರಟಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಓಲ್ಗಾ ಟೆಲಿಸ್ ಪ್ರಕರಣ ಎಂದು ಕಾನೂನು ವಿದ್ಯಾರ್ಥಿಗಳಿಗೆ ಅದು ಗೊತ್ತು. ಅರ್ಜಿದಾರರಲ್ಲೊಬ್ಬ ಸೇಲಂ ಕಡೆಯಿಂದ 1961ರಲ್ಲಿ ಬಂದ ಭೂಹೀನ ಕೂಲಿ. ದಹಿಸರ್‌ನ ರಾಸಾಯನಿಕ ಕಂಪನಿಯೊಂದರಲ್ಲಿ ದಿನಗೂಲಿ, ವಿಲೇಪಾರ್ಲೆಯ ಹೆದ್ದಾರಿ ಬದಿಯಲ್ಲಿ ಪ್ಲಾಸ್ಟಿಕ್ ಹಾಳೆಯ ಸೂರು. ಅವನಿಗೆ ಕೆಲಸವಿತ್ತು, ಸಂಬಳವಿತ್ತು, ಇಲ್ಲದ್ದು ಮನೆ. ಪಾಲಿಕೆಗೆ ಅವನು ಅತಿಕ್ರಮಣಕಾರ. 1985ರ ಜುಲೈನಲ್ಲಿ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪೀಠ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದಿತು, ಇವರು ಅಪರಾಧದ ಉದ್ದೇಶದಿಂದ ಅಲ್ಲಿ ಕೂತವರಲ್ಲ ಎಂದೂ ಹೇಳಿತು. ಆಮೇಲೆ, ಮಳೆಗಾಲ ಮುಗಿದ ಮೇಲೆ ಎಬ್ಬಿಸಬಹುದು ಎಂದಿತು. ಹೆಸರು ತಿದ್ದಿತು, ಜಾಗ ಉಳಿಯಲಿಲ್ಲ. ಅದಕ್ಕಾಗಿ ಹೆಸರು ತಿದ್ದಿದ್ದು ವ್ಯರ್ಥ ಅನ್ನಲು ನನಗೆ ಮನಸ್ಸಿಲ್ಲ. ಆ ಮೊದಲರ್ಧವನ್ನೇ ಹಿಡಿದು ಆಮೇಲೆ ಎಷ್ಟೋ ಜನ ಕೋರ್ಟಿನ ಮೆಟ್ಟಿಲು ಹತ್ತಿದ್ದಾರೆ.

ಇನ್ನು ನಮ್ಮ ಕಸುಬು. ನಾವು ಮನುಷ್ಯನಿಗೆ ‘ರಿಸೋರ್ಸ್’ ಅನ್ನುತ್ತೇವೆ. ಕೆಲಸವಿಲ್ಲದೆ ಕೂತರೆ ಅವನು ‘ಬೆಂಚ್’. ಮನೆಗೆ ಕಳಿಸಿದರೆ ‘ರಿಲೀಸ್’, ಜೈಲಿನಿಂದ ಬಿಟ್ಟ ಹಾಗೆ. ಇಂಥ ಭಾಷೆಯ ಒಳಗೆ ಸಿಕ್ಕಿಬಿದ್ದವನ ಪಾಡನ್ನು ಕನ್ನಡದಲ್ಲಿ ಮುಂಬಯಿಯವರೇ ಆದ ಯಶವಂತ ಚಿತ್ತಾಲರು 1979ರಲ್ಲೇ ‘ಶಿಕಾರಿ’ಯಲ್ಲಿ ಬರೆದಿಟ್ಟಿದ್ದಾರೆ. ನಾಗಪ್ಪ ಕೆಲಸದಿಂದ ಅಮಾನತ್ತಾಗುತ್ತಾನೆ. ತಾನು ಮಾಡಿದ ತಪ್ಪೇನು ಎಂದು ಯಾರೂ ಬಿಡಿಸಿ ಹೇಳದೆ ಇರುವುದೇ ಅವನನ್ನು ಹಣ್ಣು ಮಾಡುತ್ತದೆ. ಚಿತ್ತಾಲರೂ ರಾಸಾಯನಿಕ ಉದ್ಯಮದಲ್ಲೇ ದುಡಿದವರು, ಅಲ್ಲಿನ ಮಾತಿನ ರೀತಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಂಧೇರಿಯ ಡಿವೈನ್, ಕುರ್ಲಾದ ನೇಜಿ 2015ರಲ್ಲಿ ‘ಮೇರೇ ಗಲ್ಲಿ ಮೇ’ ಎಂದು ರ್‍ಯಾಪ್ ಮಾಡಿದಾಗ ಬೇರೆ ದಾರಿ ಹಿಡಿದರು. ಕೇಳಿದವರು ಮೂಗು ಮುರಿಯುತ್ತಿದ್ದ ‘ಗಲ್ಲಿ’ ಎಂಬ ಹೆಸರನ್ನು ತಾವೇ ಮೈಮೇಲೆ ಹಾಕಿಕೊಂಡರು. ಬಿಸಿನೆಸ್ಸಿಗೆ ಅದೂ ಒಗ್ಗಿತು ಅನ್ನುವುದು ಬೇರೆ ಮಾತು.

ಇಷ್ಟು ಹೇಳಿದ ಮೇಲೆ ಆ ಹಾಡಿನ ಕೊನೆಯ ಚರಣವನ್ನು ತಪ್ಪಿಸಿಕೊಳ್ಳುವಂತಿಲ್ಲ. ರೈಲಿನಲ್ಲಿ ನಾನು ಕೇಳಿದವರೆಲ್ಲ ಅದನ್ನು ಬಿಟ್ಟೇ ಹಾಡುತ್ತಾರೆ. ಅಲ್ಲಿಯವರೆಗೆ ದೂರುತ್ತಿದ್ದವನಿಗೆ ಗೀತಾ ದತ್ ದನಿಯಲ್ಲಿ ಜೊತೆಗಿರುವ ಹುಡುಗಿ ಉತ್ತರ ಕೊಡುತ್ತಾಳೆ. ಲೋಕವನ್ನು ಬಯ್ಯಬೇಡ, ಇಲ್ಲಿ ದಾದಾಗಿರಿ ನಡೆಯುವುದಿಲ್ಲ, ಬದುಕುವುದು ಸುಲಭ, ಎನ್ನುವ ಅರ್ಥದಲ್ಲಿ. ನಮ್ಮ ಕಡೆಯ ಮಾತಿನಲ್ಲಿ ಹೇಳಿದರೆ: ಮಾಡಿದ್ದುಣ್ಣೋ ಮಹರಾಯ. ಕಹಿ ಮಾತಾಡಿದ ಹಾಡಿಗೆ ಕೊನೆಯಲ್ಲಿ ಬೆಲ್ಲ ಸವರಿದ್ದಾರೆ ಎಂದು ನನ್ನ ಸ್ನೇಹಿತರೊಬ್ಬರು ವಾದಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ.

ದೂರು ಮತ್ತು ಬುದ್ಧಿವಾದ ಒಂದೇ ಜಾತಿಯ ಮಾತುಗಳಲ್ಲ. ಕತ್ತು ಕೊಯ್ಯುವುದಕ್ಕೆ ಬಿಸಿನೆಸ್ ಅನ್ನುತ್ತಾರೆ ಎಂದು ದೂರುವವನು ಸ್ವತಃ ಜೇಬುಗಳ್ಳ. ಹಾಗೆಂದು ಅವನ ದೂರು ಸುಳ್ಳಾಗುವುದಿಲ್ಲ. ನಿಜವಾದ ದೂರು ಯಾರ ಬಾಯಿಂದ ಬಂದರೂ ನಿಜ. ಬುದ್ಧಿವಾದ ಹಾಗಲ್ಲ, ಅದಕ್ಕೆ ಹೇಳುವವರ ಹಕ್ಕು ಬೇಕು. ‘ಮಾಡಿದ್ದುಣ್ಣೋ’ ಎಂದು ಜೇಬುಗಳ್ಳನಿಗೆ ಅವನ ಜೊತೆಗೆ ಅಲೆಯುವ ಹುಡುಗಿ ಹೇಳಿದರೆ ಅದರಲ್ಲಿ ಸಲಿಗೆಯಿದೆ, ಅವನ ಕೈಚಳಕದ ಲೆಕ್ಕವೂ ಇದೆ. ಅದೇ ಮಾತನ್ನು ವಿಲೇಪಾರ್ಲೆಯ ಪ್ಲಾಸ್ಟಿಕ್ ಸೂರಿನವನಿಗೆ ಪಾಲಿಕೆಯ ಅಧಿಕಾರಿ ಹೇಳಿದರೆ? ಬೆಂಚಿನ ಮೇಲಿನ ಹುಡುಗನಿಗೆ ನಾವು, ಮೀಟಿಂಗ್ ರೂಮಿನ ಬಾಗಿಲು ಹಾಕಿಕೊಂಡು, ‘ನಿನ್ನ ಸ್ಕಿಲ್ ನೀನೇ ನೋಡಿಕೊಳ್ಳಬೇಕಿತ್ತು’ ಎಂಬ ನಯವಾದ ರೂಪದಲ್ಲಿ ಹೇಳಿದರೆ? ಪದಗಳು ಹೆಚ್ಚುಕಮ್ಮಿ ಅವೇ. ನಿಜಕ್ಕೂ ಮಾಡಿದ್ದನ್ನು ಉಣ್ಣಬೇಕಾದವರ ಸಾಲಿನಲ್ಲಿ ಮೊದಲು ನಿಲ್ಲಬೇಕಾದವನು ಹಿಂದಿನ ಚರಣದ ಬಿಸಿನೆಸ್ಸಿನವನು. ಅವನಿಗೆ ಈ ಗಾದೆಯನ್ನು ಯಾರೂ ಹೇಳುವುದಿಲ್ಲ.

ಮಜರೂಹ್ ಆ ಹುಡುಗಿಯ ಬಾಯಲ್ಲಿ ಎರಡು ಸಂಬೋಧನೆ ಇಟ್ಟಿದ್ದಾರೆ. ಮೊದಲು ಅವನನ್ನು ಮಿಸ್ಟರ್ ಅನ್ನುತ್ತಾಳೆ, ಕೆಣಕಲು. ಆಮೇಲೆ ಬಂಧು ಅನ್ನುತ್ತಾಳೆ.