ಪರರ ಬರಹವೂ ಒಂದು ಅಮಾನತ್

ನಿಮ್ಮ ಮಗಳು ಶಾಲೆಯ ಪ್ರಬಂಧ ಸ್ಪರ್ಧೆಯಲ್ಲಿ ಪ್ರಥಮ ಬಹುಮಾನ ಪಡೆದು ಮನೆಗೆ ಬರುತ್ತಾಳೆ. ನೀವು ಸಂತೋಷದಿಂದ ಅಲ್ಲಾಹನನ್ನು ಸ್ತುತಿಸುತ್ತೀರಿ. ರಾತ್ರಿ ಆ ಪ್ರಬಂಧವನ್ನು ಓದುವಾಗ, ಅದರ ಹೆಚ್ಚಿನ ಭಾಗ ಮನೆಯ ಕಪಾಟಿನಲ್ಲಿರುವ ಪುಸ್ತಕವೊಂದರದ್ದೆಂದು ತಿಳಿಯುತ್ತದೆ. ಕೇಳಿದರೆ, "ಟೀಚರ್ ಕೂಡಾ ಪುಸ್ತಕ ನೋಡಿಯೇ ನೋಟ್ಸ್ ಬರೆಸುತ್ತಾರಲ್ಲ?" ಎನ್ನುತ್ತಾಳೆ. ಪ್ರಿಯ ಓದುಗರೇ, ನೀವು ಏನೆಂದು ಉತ್ತರಿಸುವಿರಿ?

ಗದರಿಸಿ ಅವಳ ಬಾಯಿ ಮುಚ್ಚಿಸಬೇಡಿ. ಆ ಪ್ರಶ್ನೆಯಲ್ಲಿ ಹುರುಳಿದೆ. ಪಾಠದ ಸಲುವಾಗಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೃತಿಗಳನ್ನು ನಕಲಿಸಿಕೊಳ್ಳಲು 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ನೀಡಿದೆ. ದಿಲ್ಲಿ ವಿಶ್ವವಿದ್ಯಾಲಯದ ಝೆರಾಕ್ಸ್ ಅಂಗಡಿಯೊಂದರ ಮೇಲೆ ಮೂರು ದೊಡ್ಡ ಪ್ರಕಾಶನ ಸಂಸ್ಥೆಗಳು 2012ರಲ್ಲಿ ದಾವೆ ಹೂಡಿದ್ದವು. ಬೋಧನೆಗೆ ಅಗತ್ಯವಿರುವಷ್ಟನ್ನು ನಕಲಿಸುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲವೆಂದು 2016ರಲ್ಲಿ ದಿಲ್ಲಿ ಹೈಕೋರ್ಟು ಹೇಳಿತು. 2017ರಲ್ಲಿ ಆ ಪ್ರಕಾಶಕರು ದಾವೆಯಿಂದ ಹಿಂದೆ ಸರಿದರು. ದುಬಾರಿ ಪುಸ್ತಕ ಕೊಳ್ಳಲಾಗದ ಬಡ ವಿದ್ಯಾರ್ಥಿಯ ಮುಂದೆ ಜ್ಞಾನದ ಬಾಗಿಲು ಮುಚ್ಚದಿರುವುದು ನ್ಯಾಯವೇ ಸರಿ.

ಆದರೆ ಈ ರಿಯಾಯಿತಿ ಪಾಠಕ್ಕೆ ಮಾತ್ರ. ಪರರ ಪುಸ್ತಕವನ್ನು ಇಡಿಯಾಗಿ ಅಚ್ಚುಹಾಕಿಸಿ ಮಾರಿದರೆ ಅದು ಬೋಧನೆಯಲ್ಲ, ವ್ಯಾಪಾರ. ಗ್ರಂಥಕರ್ತನ ಹಕ್ಕು ಶರೀಅತ್ತಿನ ರಕ್ಷಣೆಯಿರುವ ಸೊತ್ತೆಂದೂ ಅದನ್ನು ಅತಿಕ್ರಮಿಸಬಾರದೆಂದೂ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 1988ರಲ್ಲಿ ಕುವೈತಿನಲ್ಲಿ ಸೇರಿದಾಗ ನಿರ್ಣಯಿಸಿತು.

ಇನ್ನು ಹೆಸರಿನ ವಿಷಯ. ಲೇಖಕನು ತನ್ನ ಕೃತಿಯ ಸ್ವಾಮ್ಯವನ್ನು ಪೂರ್ತಿ ಮಾರಿಬಿಟ್ಟರೂ, ಅದು ತನ್ನ ಕೃತಿಯೆಂದು ಹೇಳಿಕೊಳ್ಳುವ ಹಕ್ಕು ಅವನಲ್ಲೇ ಉಳಿಯುತ್ತದೆಂದು ಅದೇ ಕಾಯ್ದೆಯ 57ನೇ ಸೆಕ್ಷನ್ ಹೇಳುತ್ತದೆ. ನಮಗಿದು ಹೊಸ ಪಾಠವೇ? ಹದೀಸ್ ವಿದ್ವಾಂಸರು ಪ್ರತಿಯೊಂದು ಮಾತನ್ನೂ ಯಾರಿಂದ ಕೇಳಿದೆವೆಂದು ಹೆಸರು ಹೇಳಿಯೇ ವರದಿ ಮಾಡುತ್ತಿದ್ದರು. ಸರಪಳಿಯಲ್ಲಿ ಒಂದು ಹೆಸರು ಬಿಟ್ಟುಹೋದರೂ ವರದಿ ದುರ್ಬಲವೆನಿಸುತ್ತಿತ್ತು. ತಾವು ಮಾಡದೇ ಇರುವ ಕೆಲಸಕ್ಕೆ ಪ್ರಶಂಸೆ ಬಯಸುವವರನ್ನು ಪವಿತ್ರ ಕುರ್‌ಆನ್ ಆಲಿ ಇಮ್ರಾನ್ ಅಧ್ಯಾಯದಲ್ಲಿ ಎಚ್ಚರಿಸಿದೆ.

ಆದ್ದರಿಂದ ಮಗಳಿಗೆ ಹೀಗೆ ಹೇಳಿ: "ಪುಸ್ತಕದಿಂದ ತೆಗೆದುಕೊಂಡದ್ದು ತಪ್ಪಲ್ಲ ಮಗಳೇ, ಅದು ನಿನ್ನದೇ ಎಂದು ತೋರಿಸಿಕೊಂಡದ್ದು ತಪ್ಪು." ಇಲ್ಲಿ ಅನ್ಯಾಯವಾದದ್ದು ಆ ಲೇಖಕರೊಬ್ಬರಿಗೇ ಅಲ್ಲ. ಸ್ವಂತ ಬುದ್ಧಿಯಿಂದ ನಾಲ್ಕು ಸಾಲು ಬರೆದು ಎರಡನೆಯ ಸ್ಥಾನಕ್ಕೆ ತೃಪ್ತಿಪಟ್ಟ ಇನ್ನೊಂದು ಮಗುವೂ ಅದೇ ತರಗತಿಯಲ್ಲಿದೆ. ಮರುದಿನ ಮಗಳ ಜೊತೆ ಶಾಲೆಗೆ ಹೋಗಿ, ನಡೆದುದನ್ನು ಟೀಚರಿಗೆ ತಿಳಿಸಿ, ಬಹುಮಾನವನ್ನು ಹಿಂದಿರುಗಿಸಲು ನೀವು ಸಿದ್ಧರಿದ್ದೀರಾ? ನಾಚಿಕೆಯಾಗಬಹುದು. ಆದರೆ ಪರಲೋಕದ ನಾಚಿಕೆಗಿಂತ ಇದು ಹಗುರ.

ನೀವು ಅಧ್ಯಾಪಕರಾಗಿದ್ದರೆ, ನಾಳೆ ನೋಟ್ಸ್ ಬರೆಸುವಾಗ ಕರಿಹಲಗೆಯ ಮೇಲೆ ಆ ಪುಸ್ತಕದ ಮತ್ತು ಲೇಖಕರ ಹೆಸರನ್ನು ಮೊದಲು ಬರೆಯಿರಿ. ಮಕ್ಕಳು ಅದನ್ನೂ ನಕಲಿಸಿಕೊಳ್ಳುತ್ತಾರೆ.