ದೂರ ಅಳೆದವರು ಯಾರು?

ದೇವನಹಳ್ಳಿಯಿಂದ ದುಬೈ ಎಷ್ಟು ದೂರ? ವಿಮಾನ ಹತ್ತಿದರೆ ಸುಮಾರು ನಾಲ್ಕು ಗಂಟೆ. ನಮ್ಮ ಹಳ್ಳಿಗಳಲ್ಲಿ ಕೇರಿಯಿಂದ ಊರ ಗುಡಿಯ ಹೊಸ್ತಿಲು ಎಷ್ಟು ದೂರ? ಇನ್ನೂರು ಹೆಜ್ಜೆ ಇರಬಹುದು. ಎಷ್ಟೋ ಕಡೆ ಆ ಇನ್ನೂರು ಹೆಜ್ಜೆಯನ್ನು ನಡೆದು ಮುಗಿಸಲು ನಮ್ಮವರಿಗೆ ಇನ್ನೂ ಆಗಿಲ್ಲ. ಇದನ್ನು ನಾವು ಚಮತ್ಕಾರಕ್ಕೆ ಕೇಳುತ್ತಿಲ್ಲ. ದೂರ ಎನ್ನುವುದು ನಿಜಕ್ಕೂ ಏನು ಎಂದು ತಿಳಿಯಬೇಕಾಗಿದೆ, ಅದಕ್ಕೇ ಕೇಳುತ್ತಿದ್ದೇವೆ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಬೇಗ ಕೆಡುವ ಸರಕಿಗೆಂದೇ ಅಲ್ಲಿ ದೊಡ್ಡ ಶೀತಲಗೃಹವೊಂದನ್ನು ಕಟ್ಟಿದರು. ಕಟ್ಟಿದಾಗ ಅದರ ಅಳತೆ ವರ್ಷಕ್ಕೆ 40 ಸಾವಿರ ಟನ್. ಸೊಪ್ಪು, ತರಕಾರಿ, ಹಣ್ಣು, ಹೂವು, ಮಾಂಸ ಎಲ್ಲವೂ ಅಲ್ಲಿಂದ ಕೊಲ್ಲಿ ದೇಶಗಳಿಗೆ, ಯೂರೋಪಿಗೆ ಹಾರುತ್ತವೆ. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ರಸ್ತೆಗಳಲ್ಲಿ ರಾತ್ರಿ ಓಡುವ ತಂಪುಪೆಟ್ಟಿಗೆಯ ಲಾರಿಗಳನ್ನು ನೋಡದವರು ಕಡಿಮೆ. ಅದರ ಒಳಗೆ ಏನು ನಡೆಯುತ್ತದೆ ಎಂದು ಬಲ್ಲವರೂ ಕಡಿಮೆ.

ಗೆಳೆಯರೇ, ಕಿತ್ತ ಮೇಲೂ ಕಾಯಿ ಉಸಿರಾಡುತ್ತದೆ. ಉಸಿರಾಡಿದಷ್ಟೂ ಬಾಡುತ್ತದೆ. ಆ ಉಸಿರನ್ನು ನಿಧಾನ ಮಾಡುವುದೇ ತಂಪಿನ ಕೆಲಸ. ಮೊದಲು ಮೈಯಲ್ಲಿರುವ ಹೊಲದ ಕಾವು ಇಳಿಸಬೇಕು. ಆಮೇಲೆ ಒಂದೊಂದಕ್ಕೆ ಒಂದೊಂದು ಆರೈಕೆ. ದ್ರಾಕ್ಷಿಗೆ ಸೊನ್ನೆ ಡಿಗ್ರಿಯ ಆಸುಪಾಸು ಬೇಕು. ಬೆಂಡೆಗೆ ಆ ಚಳಿ ತಡೆಯದು, 7ರಿಂದ 10 ಡಿಗ್ರಿ ಇರಬೇಕು. ಮಾವಿಗೆ 12-13. ತಂಪು ಮಾಂಸಕ್ಕೆ ಸೊನ್ನೆಯಿಂದ 4, ಹೆಪ್ಪುಗಟ್ಟಿಸಿದ್ದಕ್ಕೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ. ಪೆಟ್ಟಿಗೆಯೊಳಗೆ ಒಂದು ಪುಟ್ಟ ಯಂತ್ರ ಕೂತು ದಾರಿಯುದ್ದಕ್ಕೂ ಕಾವನ್ನು ಬರೆದಿಡುತ್ತದೆ. ರೋಗವಿಲ್ಲ, ಹುಳವಿಲ್ಲ ಎಂದು ಸರಕಾರಿ ಅಧಿಕಾರಿ ಪತ್ರ ಕೊಡುತ್ತಾನೆ. ವಿಮಾನದ ಪಕ್ಕದ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾದರೆ ಶಾಖ ತಡೆಯುವ ಹೊದಿಕೆ ಹೊದಿಸುತ್ತಾರೆ. ಬೆಂಡೆಕಾಯಿಗೆ, ಸ್ವಾಮಿ, ಬೆಂಡೆಕಾಯಿಗೆ!

ಆ ಬೆಂಡೆ ಕಿತ್ತ ಹೆಂಗಸಿಗೆ ಹೊದಿಕೆ ಯಾರು ಕೊಟ್ಟರು? ಬೆಳಕು ಹರಿಯುವ ಮೊದಲೇ ಟೆಂಪೋದಲ್ಲಿ ಕುರಿಗಳ ಹಾಗೆ ನಿಂತು ಬರುವ ಕೂಲಿಯವರ ಮೈಕಾವನ್ನು ಯಾವ ಯಂತ್ರ ಬರೆದಿಟ್ಟಿದೆ? ವಿಮಾನದ ಬಾಡಿಗೆಗೆ ಒಂದು ನಿಯಮವಿದೆ. ತೂಕ ಕಡಿಮೆಯಿದ್ದು ಪೆಟ್ಟಿಗೆ ದೊಡ್ಡದಾದರೆ, ಅದು ಹಿಡಿಯುವ ಜಾಗವನ್ನೇ ತೂಕವೆಂದು ಲೆಕ್ಕ ಹಾಕುತ್ತಾರೆ. 6 ಸಾವಿರ ಘನ ಸೆಂಟಿಮೀಟರಿಗೆ ಒಂದು ಕಿಲೋ. ಬರೀ ಗಾಳಿಗೂ ಅಲ್ಲಿ ಬೆಲೆ ಉಂಟು. ಬೆವರಿಗೆ ಮಾತ್ರ ಆ ತಕ್ಕಡಿಯಲ್ಲಿ ತೂಕವಿಲ್ಲ.

ಮಾಂಸದ ಮಾತು ಬರಲಿ. ಕುರಿ, ಮೇಕೆಯ ಮಾಂಸ ತಂಪು ಮಾಡಿ, ಬಟ್ಟೆ ಸುತ್ತಿ, ನಮ್ಮ ದೇಶದಿಂದ ಕೊಲ್ಲಿ ದೇಶಗಳಿಗೆ ವಿಮಾನದಲ್ಲಿ ಹೋಗುತ್ತದೆ. ಎಮ್ಮೆಯ ಮಾಂಸ ಹೆಪ್ಪುಗಟ್ಟಿ ಹಡಗಿನಲ್ಲಿ ಹೋಗುತ್ತದೆ. ಅದರ ರಫ್ತಿನಲ್ಲಿ ಭಾರತ ಜಗತ್ತಿನ ಮುಂದಿನ ಸಾಲಿನಲ್ಲಿದೆ. ಅದು ವಿದೇಶಿ ವಿನಿಮಯ, ಅದು ದೇಶದ ಹೆಮ್ಮೆ. ಅದೇ ಮಾಂಸ ಕೇರಿಯ ಒಲೆಯ ಮೇಲೆ ಬೆಂದರೆ ಅದು ಮೈಲಿಗೆ, ಈಗ ಅದು ಅಪರಾಧವೂ ಆಗಬಹುದು. ಕರ್ನಾಟಕದ 2020ರ ಕಾಯಿದೆಯ ಪ್ರಕಾರ ದನವನ್ನು ಯಾವ ವಯಸ್ಸಿನಲ್ಲೂ ಕಡಿಯುವಂತಿಲ್ಲ, ಎಮ್ಮೆಯಾದರೆ 13 ವರ್ಷ ದಾಟಿರಬೇಕು. ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇಳಿದ ಕೂಡಲೇ ಮಾಂಸದ ಮೈಲಿಗೆ ಹೋಗಿಬಿಡುತ್ತದೆಯೇ? ಅಥವಾ ಡಾಲರು ಮುಟ್ಟಿದ ಮೇಲೆ ಹೋಗುತ್ತದೆಯೇ? ಶಾಸ್ತ್ರ ಬಲ್ಲವರು ಹೇಳಲಿ.

ಇನ್ನೊಂದು ಸಂಗತಿ ಇದೆ. ಇದನ್ನು ಓದುವ ಮೇಷ್ಟ್ರುಗಳು ವಿಜ್ಞಾನದ ತರಗತಿಯಲ್ಲಿ ಹೇಳಬೇಕು. ಹೆಪ್ಪುಗಟ್ಟಿದ ಆಹಾರ ಕರಗದಿರಲೆಂದು ಪೆಟ್ಟಿಗೆಯಲ್ಲಿ ಒಣ ಮಂಜುಗಡ್ಡೆ ಇಡುತ್ತಾರೆ. ಅದು ಗಟ್ಟಿಯಾದ ಇಂಗಾಲದ ಡೈಆಕ್ಸೈಡ್. ಸೊನ್ನೆಗಿಂತ 78 ಡಿಗ್ರಿ ಕೆಳಗಿನ ಚಳಿ ಅದರದು. ಅದು ನೀರಾಗುವುದಿಲ್ಲ, ನೇರವಾಗಿ ಅನಿಲವಾಗುತ್ತದೆ. ಮುಚ್ಚಿದ ಜಾಗದಲ್ಲಿ ಆ ಅನಿಲ ತುಂಬಿದರೆ ಉಸಿರುಗಟ್ಟುತ್ತದೆ. ಅದಕ್ಕೇ ಜಗತ್ತಿನ ವಿಮಾನ ನಿಯಮಗಳು ಅದನ್ನು ಅಪಾಯದ ಸರಕು ಎಂದು ಪಟ್ಟಿ ಮಾಡಿವೆ. ಎಷ್ಟು ಕಿಲೋ ಇದೆ ಎಂದು ಪೆಟ್ಟಿಗೆಯ ಮೇಲೆ ಬರೆಯಬೇಕು, ಹಾರಿಸುವ ಪೈಲಟ್ಟಿಗೆ ಚೀಟಿ ಕೊಡಬೇಕು. ಅದೇ ವಿಮಾನದ ಹೊಟ್ಟೆಯಲ್ಲಿ ಯಾರದಾದರೂ ಸಾಕುನಾಯಿ ಇದ್ದರೆ ಅದರ ಉಸಿರಿನ ಲೆಕ್ಕವನ್ನೂ ನೋಡುತ್ತಾರೆ.

ಒಳ್ಳೆಯ ನಿಯಮ. ನಾವು ಇದನ್ನು ಮೆಚ್ಚುತ್ತೇವೆ. ಮುಚ್ಚಿದ ಜಾಗ, ವಿಷಗಾಳಿ, ಒಳಗೊಂದು ಜೀವ ಎಂಬ ಮೂರು ಮಾತು ಸೇರಿದರೆ ಏನಾಗುತ್ತದೆ ಎಂದು ಈ ದೇಶದ ಅಧಿಕಾರಿಗಳಿಗೆ ಚೆನ್ನಾಗಿ ಗೊತ್ತು ಎಂದಾಯಿತು. ಹಾಗಿದ್ದ ಮೇಲೆ ಮಲಗುಂಡಿಗೆ ಇಳಿಸುವಾಗ ಆ ಚೀಟಿ ಎಲ್ಲಿ ಹೋಯಿತು? ಮನುಷ್ಯರನ್ನು ಮಲ ಬಾಚಲು ಇಳಿಸಬಾರದೆಂದು 2013ರಲ್ಲೇ ಕಾಯಿದೆಯಾಯಿತು. ಆಮೇಲೂ ನಮ್ಮ ಹುಡುಗರು ಹಗ್ಗ ಹಿಡಿದು ಇಳಿದರು, ಹೆಣವಾಗಿ ಮೇಲೆ ಬಂದರು. ಗಾಳಿಯ ವಿಜ್ಞಾನ ಎರಡೂ ಕಡೆ ಒಂದೇ. ಜಾತಿ ಮಾತ್ರ ಬೇರೆ.

ಇಲ್ಲಿ ಯಾರಾದರೂ ಕೇಳಬಹುದು: 'ಹಾಗಾದ್ರೆ ರಫ್ತು ನಿಲ್ಲಿಸಿ ಅಂತೀರಾ?' ಅಷ್ಟು ಸುಲಭದ ಉತ್ತರ ನಮ್ಮಲ್ಲಿಲ್ಲ. ಮಂಡಿಯಲ್ಲಿ ದಲ್ಲಾಳಿ ಕೇಳಿದ ಬೆಲೆಗೆ ತಲೆಬಾಗುವ ರೈತನಿಗೆ ಹೊರಗೊಂದು ಬಾಗಿಲು ತೆರೆದರೆ ಬೇಡ ಎನ್ನಲು ನಾವು ಯಾರು? ಕೊಲ್ಲಿ ದೇಶದಲ್ಲಿ ದುಡಿಯುವ ನಮ್ಮ ನಾಡಿನ ಕೂಲಿಗೂ ಊರಿನ ನುಗ್ಗೆಕಾಯಿ, ಕರಿಬೇವು ಸಿಗಲಿ. ಆದರೆ ಆ ಬಾಗಿಲಿನ ಬೀಗದ ಕೈ ರೈತನ ಬಳಿ ಇಲ್ಲ ಎನ್ನುವುದನ್ನೂ ಮರೆಯಬಾರದು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ವಿಮಾನ ನಿಂತಾಗ ಈ ಸೀಮೆಯ ರೈತರು ಹೂವನ್ನು ತಿಪ್ಪೆಗೆ ಸುರಿದರು. ತಂಪು ಕೋಣೆ ಸರಕನ್ನು ಕಾಪಾಡುತ್ತದೆ. ಬೆಳೆದವನನ್ನು ಕಾಪಾಡುವ ಕೋಣೆಯನ್ನು ಯಾರೂ ಕಟ್ಟಿಲ್ಲ.

ನೆಲದ ಕತೆಯೂ ಅಷ್ಟೇ. ಇದೇ ವಿಮಾನ ನಿಲ್ದಾಣದ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಕಸಿಯಲು ಹೊರಟಾಗ, 2022ರ ಏಪ್ರಿಲ್ 4ರಿಂದ ರೈತರು ಧರಣಿ ಕೂತರು. ಅವರಲ್ಲಿ ಅಂಗೈಯಗಲ ಭೂಮಿಯ ದಲಿತ ಕುಟುಂಬಗಳೂ ಇದ್ದವು. ಮೂರು ವರ್ಷ ದಾಟಿ, 2025ರ ಜುಲೈ 15ರಂದು ಸ್ವಾಧೀನ ಕೈಬಿಡುತ್ತೇವೆ ಎಂದು ಮುಖ್ಯಮಂತ್ರಿ ಹೇಳಿದರು. ಬೆಂಡೆಕಾಯಿ ನಾಲ್ಕು ಗಂಟೆಯಲ್ಲಿ ದುಬೈ ಮುಟ್ಟುತ್ತದೆ. ಅದನ್ನು ಬೆಳೆಯುವವರ ಮಾತು ವಿಧಾನಸೌಧ ಮುಟ್ಟಲು ಸಾವಿರ ದಿನಕ್ಕೂ ಹೆಚ್ಚು ಬೇಕಾಯಿತು.

ಆದ್ದರಿಂದ ನಮ್ಮ ಮಾತು ಇಷ್ಟು. ಇಷ್ಟು ಕಾಲ ನಮಗೆ ಏನು ಹೇಳಿಕೊಂಡು ಬಂದರು? 'ಕಾಲ ಕೂಡಿ ಬರಬೇಕು, ಸೌಕರ್ಯ ಬರಬೇಕು, ನಿಧಾನವಾಗಿ ಆಗುತ್ತೆ' ಅಂದರು. ಈ ಶೀತಲಗೃಹ ಆ ಸುಳ್ಳನ್ನು ಬಯಲು ಮಾಡಿದೆ. ಕೆಡುವ ವಸ್ತುವನ್ನು ಕೆಡದಂತೆ ಸಮುದ್ರ ದಾಟಿಸುವ ಬುದ್ಧಿ, ಹಣ, ಶಿಸ್ತು ಈ ಸಮಾಜಕ್ಕೆ ಉಂಟು. ಎಚ್ಚರವಹಿಸಲು ಇದಕ್ಕೆ ಬರುತ್ತದೆ. ಯಾರಿಗಾಗಿ ಎಚ್ಚರವಹಿಸಬೇಕು ಎನ್ನುವುದನ್ನು ಅದು ಮೊದಲೇ ತೀರ್ಮಾನಿಸಿಕೊಂಡಿದೆ. 1927ರಲ್ಲಿ ಅಂಬೇಡ್ಕರ್ ಮಹಾಡಿನ ಕೆರೆಗೆ ನಡೆದದ್ದು ನೀರು ದೂರವಿತ್ತು ಎಂದಲ್ಲ. ಕೆರೆ ಊರಲ್ಲೇ ಇತ್ತು. ದೂರವನ್ನು ಮನುಷ್ಯರು ನಡುವೆ ತಂದಿಟ್ಟಿದ್ದರು. ಮನುಷ್ಯರು ಇಟ್ಟದ್ದನ್ನು ಮನುಷ್ಯರೇ ತೆಗೆಯಬೇಕು.

ಬೆಂಡೆಗೆ ಹೊದಿಸಿದ ಹೊದಿಕೆಯನ್ನು ಕಸಿಯಿರಿ ಎಂದು ನಾವು ಹೇಳುವುದಿಲ್ಲ. ಕಿತ್ತ ಕೈಗೆ ಸರಿಯಾದ ಕೂಲಿ ಕೊಡಿ. ಶೀತಲಗೃಹದ ಚಳಿಯಲ್ಲಿ ಪೆಟ್ಟಿಗೆ ಹೊರುವ ಹುಡುಗನಿಗೆ ಬೆಚ್ಚನೆಯ ಅಂಗಿ ಕೊಡಿ. ಹೋಬಳಿಗೊಂದು ತಂಪು ಕೋಣೆಯನ್ನು ಸಣ್ಣ ಹಿಡುವಳಿದಾರರ ಕೈಗೇ ಕೊಡಿ. ಮಲಗುಂಡಿಗೆ ಮನುಷ್ಯನ ಬದಲು ಯಂತ್ರ ಇಳಿಸಿ. ಇನ್ನು ಶಾಲೆಗಳಿಗೆ ಬನ್ನಿ. ಬಿಸಿಯೂಟ ಬೇಯಿಸುವವಳು ದಲಿತ ಹೆಂಗಸು ಎಂದು ಮಕ್ಕಳನ್ನು ತಟ್ಟೆಯ ಮುಂದಿನಿಂದ ಎಬ್ಬಿಸುವ ಸುದ್ದಿ ಇನ್ನೂ ಪತ್ರಿಕೆಗಳಲ್ಲಿ ಬರುತ್ತಿದೆ. ಒಲೆಯಿಂದ ತಟ್ಟೆಗೆ ಇರುವುದು ನಾಲ್ಕು ಮೊಳ. ಅಷ್ಟು ದೂರ ಅನ್ನವನ್ನು ಕೆಡದಂತೆ ಸಾಗಿಸಲು ಯಾವ ವಿಮಾನವೂ ಬೇಕಿಲ್ಲ.